ಒಲೆ ಮುಂದಿನ ಬೆಕ್ಕು

ಚಿಕ್ಕೋಡಿಯಿಂದ ನಿಪ್ಪಾಣಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವನ ಫೋನು ಹೊಡೆದುಕೊಂಡಿತು. ನನ್ನ ಪದ. ನಾನು ಕಟ್ಟಿದ ಪದ, ಇನ್ನೊಬ್ಬನ ದನಿಯಲ್ಲಿ, ಕೆಳಗೆ ಯಾರೋ ತುರುಕಿದ ಡಬಡಬ ಸದ್ದಿನೊಂದಿಗೆ. ಆ ಮಹಾನುಭಾವನಿಗೆ ಫೋನು ಎತ್ತುವ ಅವಸರವೇ ಇರಲಿಲ್ಲ. ತೊಡೆಯ ಮೇಲೆ ತಾಳ ಹಾಕುತ್ತ ಕೇಳುತ್ತಿದ್ದ. ಮುಂದಿನ ಸೀಟಿನಲ್ಲಿ ಒಬ್ಬ ಹೆಣ್ಣುಮಗಳು, ತನ್ನ ಊರಿಗೆ ರಸ್ತೆ ಒಡೆಯುವ ಫಾಟ್ಯಾದಲ್ಲಿ ಯಾಕೆ ನಿಲ್ಲಿಸಲಿಲ್ಲ ಎಂದು ಕಂಡಕ್ಟರನ ಜೊತೆ ವಾದಕ್ಕೆ ನಿಂತಿದ್ದಳು. ಆತ ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದ. ಬಸ್ಸಿಗೆ ಬಸ್ಸೇ ನಕ್ಕಿತು. ಅವಳು ಮುಖ ಸಣ್ಣದು ಮಾಡಿಕೊಂಡು ಕುಳಿತುಬಿಟ್ಟಳು.

ನಮ್ಮ ಕಡೆ ಈಗ ಹೆಂಗಸರ ಬಾಯಿ ಮುಚ್ಚಿಸಲು ಬೈಗುಳ ಬೇಕಾಗಿಲ್ಲ, ಆ ಪದ ಹಚ್ಚಿದರೆ ಸಾಕು. ಪಂಚಾಯಿತಿಯಲ್ಲಿ ಸದಸ್ಯೆಯೊಬ್ಬಳು ಎದ್ದು ನಿಂತರೆ ಹಿಂದಿನ ಸಾಲಿನಿಂದ ಅದು ಶುರುವಾಗುತ್ತದೆ. ಮದುವೆಯ ವರಾತಿನ ಮೆರವಣಿಗೆಯಲ್ಲಿ ಹೊಸ ಹೆಂಡತಿಯ ಮುಖಕ್ಕೇ ಅದನ್ನು ಹಚ್ಚಿ ಕುಣಿಯುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಪದ ಕೆಟ್ಟದ್ದೆಂದು ಅಲ್ಲ. ಪದ ಬಹಳ ಚೆನ್ನಾಗಿದೆ, ಅದಕ್ಕೇ ಉರಿಯುತ್ತದೆ.

ನಾನು ಗೀಗೀ ಪದದ ಹಾಡುಗಾರ್ತಿ. ಈಗಿನವರಿಗೆ ಬಿಡಿಸಿ ಹೇಳಬೇಕು: ಈ ಹಾಡಿಕೆಯಲ್ಲಿ ಎರಡು ಮೇಳ ಎದುರು ಬದುರು ನಿಲ್ಲುತ್ತವೆ. ಗಂಡು ಹೆಚ್ಚು ಎಂದು ಹಾಡುವವರು ಹರದೇಶಿ, ಹೆಣ್ಣು ಹೆಚ್ಚು ಎಂದು ಹಾಡುವವರು ನಾಗೇಶಿ. ಒಬ್ಬರು ಸವಾಲು ಹಾಕಬೇಕು, ಇನ್ನೊಬ್ಬರು ಜವಾಬು ಕೊಡಬೇಕು. ಕೈಯಲ್ಲಿ ದಪ್ಪು, ಪಕ್ಕದಲ್ಲಿ ತುಂತುಣಿ, ಹಿಂದೆ ಗೀಯ ಗೀಯ ಎಂದು ಎಳೆಯುವ ಹಿಮ್ಮೇಳ. ಜವಾಬು ಸಿಗದವರು ದಪ್ಪನ್ನು ನೆಲಕ್ಕಿಟ್ಟು ಕೈಮುಗಿಯಬೇಕು. ನಾನು ನಾಗೇಶಿ.

ಅಕ್ಕೋಳದಲ್ಲಿ ಹುಟ್ಟಿದವಳು ನಾನು. ಬುದ್ಧಿ ಬರುವ ಹೊತ್ತಿಗೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಸೋದರತ್ತೆಯ ಪಕ್ಕ ಕುಳಿತು ಎಲೆ ಬಿಡಿಸುತ್ತಿದ್ದೆ. ಘಾಟಿಗೆ ಕೆಮ್ಮು ಬರುತ್ತಿತ್ತು, ಕೆಮ್ಮು ನಿಂತಾಗ ಪದ ಬರುತ್ತಿತ್ತು. ನನ್ನ ದನಿ ಒರಟು. ಅದು ದೇವರು ಕೊಟ್ಟದ್ದಲ್ಲ, ವಖಾರಿ ಕೊಟ್ಟದ್ದು. ಮುಂದೆ ಜನ ಅದನ್ನೇ "ಏನ ಕಂಚಿನ ಕಂಠರೀ" ಎಂದು ಹೊಗಳಿದಾಗ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಅತ್ತೆಗೆ ತನ್ನದೇ ಒಂದು ನಾಗೇಶಿ ಮೇಳವಿತ್ತು. ನನ್ನನ್ನು ಹಿಮ್ಮೇಳಕ್ಕೆ ಸೇರಿಸಿಕೊಂಡ ದಿನ ಒಂದೇ ಮಾತು ಹೇಳಿದಳು: "ಸಿಟ್ಟು ಬಂದಾಗ ಹಾಡಬ್ಯಾಡ ಬೇ. ಸಿಟ್ಟು ಇಳದ ಮ್ಯಾಲ ಕೂತು ಪದಾ ಕಟ್ಟು. ಅವಾಗ ನೆಟ್ಟಗ ಹೋಗಿ ಬಡೀತೈತಿ."

ಅವಳ ಮೇಳ ನನ್ನ ಕೈಗೆ ಬಂದಾಗ ನಾನಿನ್ನೂ ಚಿಕ್ಕವಳು. ರಾಯಬಾಗ, ಅಥಣಿ, ಕಾಗವಾಡ, ಗಡಿ ದಾಟಿ ಮಿರಜಿನ ಆಚೆಯ ಕನ್ನಡದ ಹಳ್ಳಿಗಳವರೆಗೂ ತಿರುಗಿದೆ. ಕಟ್ಟೆಯ ಮೇಲೆ ನಿಂತಾಗ ನಾವು ಆದಿಶಕ್ತಿಯರು. ಕಟ್ಟೆ ಇಳಿದ ಮೇಲೆ ಗಂಡಸರ ಮೇಳಕ್ಕೆ ಗೌಡರ ಪಡಸಾಲೆಯಲ್ಲಿ ಎಲೆ ಹಾಕುತ್ತಿದ್ದರು, ನಮಗೆ ದನದ ಕೊಟ್ಟಿಗೆಯ ಪಕ್ಕ. ಹೆಣ್ಣು ಹೆಚ್ಚು ಎಂದು ಹಾಡಿಸಿ, ಚಪ್ಪಾಳೆ ತಟ್ಟಿ, ಆಮೇಲೆ ಸಗಣಿಯ ವಾಸನೆಯಲ್ಲಿ ಉಣ್ಣಲು ಕೂರಿಸುವ ಊರುಗಳನ್ನು ಎಷ್ಟೋ ನೋಡಿದ್ದೇನೆ. ನನಗೊಬ್ಬಳು ಮಗಳು. ಅವಳ ಅಪ್ಪನಿಗೂ ನನ್ನ ಹಾಡು ಕೇಳಲು ಚೆಂದ, ಹಾಡುವವಳ ಜೊತೆ ಬಾಳಲು ಕಷ್ಟ. ಅವನು ಬೇರೆ ಸಂಸಾರ ಹೂಡಿಕೊಂಡು ಹೋದ. ಹೋದವನನ್ನು ನಾನು ಹುಡುಕಲಿಲ್ಲ.

ನಮಗೆ ಎದುರಾಗಿ ಹಾಡುವ ಹರದೇಶಿ ಮೇಳದ ಮುಖ್ಯಸ್ಥ ನನಗಿಂತ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಿದ್ದ. ಅವನದು ಎಂಥ ದನಿ ಎಂದರೆ, ಅವನು ಬಾಯಿ ತೆರೆದರೆ ಮೈಕು ಬೇಕಾಗುತ್ತಿರಲಿಲ್ಲ. ಆದರೆ ತಲೆ ಖಾಲಿ. ಹಳೆಯ ಸವಾಲುಗಳನ್ನೇ ಮತ್ತೆ ಮತ್ತೆ ಹಾಕುತ್ತಿದ್ದ, ಜನ ಆಕಳಿಸುತ್ತಿದ್ದರು. ಸವಾಲು ಸಪ್ಪೆಯಾದರೆ ಜವಾಬಿಗೆ ಏನು ರುಚಿ? ನಾನು ಎಷ್ಟು ಹರಿತವಾಗಿ ಕಟ್ಟಿದರೂ ಅದು ಮೆತ್ತನೆಯ ಹುಲ್ಲಿಗೆ ಕುಡಗೋಲು ಬೀಸಿದ ಹಾಗೆ. ಕಡೆಗೊಂದು ದಿನ ಅವನ ಸವಾಲನ್ನೂ ನಾನೇ ಕಟ್ಟಿಕೊಟ್ಟೆ. ಆಮೇಲೆ ಅದೇ ರೂಢಿಯಾಯಿತು. ಊರವರ ಕಣ್ಣಿಗೆ ನಾವು ಹಾವು ಮುಂಗುಸಿ, ಬರುತ್ತಿದ್ದದ್ದು ಮಾತ್ರ ಒಂದೇ ಗಾಡಿಯಲ್ಲಿ. ಊರ ಹೊರಗೆ ಅವರು ಇಳಿದು ಬೇರೆ ದಾರಿಯಿಂದ ನಡೆದು ಬರುತ್ತಿದ್ದರು. ಎರಡೂ ಕಡೆಯ ಮಾತು ಒಂದೇ ತಲೆಯಿಂದ ಬಂದದ್ದು ಎಂದು ಗೊತ್ತಾದರೆ ಜಗಳದ ರುಚಿ ಹೋಗುತ್ತದೆ. ಆದ್ದರಿಂದ ಯಾರಿಗೂ ಹೇಳಬಾರದು ಎಂದು ನಮ್ಮೊಳಗೆ ಮಾತಾಗಿತ್ತು. ಬರೆದೂ ಇಡುತ್ತಿರಲಿಲ್ಲ. ಎಲ್ಲ ಬಾಯಲ್ಲೇ.

ಗಂಡಸರ ಪರವಾಗಿ ಕಟ್ಟುವಾಗ ನನಗೆ ಕಷ್ಟವೇ ಆಗುತ್ತಿರಲಿಲ್ಲ. ಅವರು ಏನು ಅನ್ನುತ್ತಾರೆ ಎನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೆನಲ್ಲ. ಬಸ್ಸಿನಲ್ಲಿ ಕೇಳಿದ ಆ ಬೆಕ್ಕಿನ ಪದವೂ ಹಾಗೇ ಬಂತು. ನಾವು ನಾಗೇಶಿಯವರು ಹೆಣ್ಣನ್ನು ಹುಲಿಯ ಮೇಲೆ ಕೂತ ದೇವಿ ಎಂದು ಹಾಡುತ್ತೇವೆ. ಅದಕ್ಕೆ ಹರದೇಶಿಯ ಸವಾಲು:

ಒಲಿ ಮುಂದಿನ ಬೆಕ್ಕಿಗೆ ಹುಲಿ ಅಂದವರ್ಯಾರ
ಹಾಲ ಕುಡದ ಮೀಸಿ ಒರಸಿ ಕುಂತಾಳ ನೋಡ್ರಿ
ಬಾಗಿಲ ತೆರದರ ಓಡತಾಳ, ಮುಚ್ಚಿದರ ಒದರತಾಳ
ಅನ್ನ ಹಾಕಿದ ಕೈಯ ಪರಚತಾಳ ನೋಡ್ರಿ

ಮುಗಳಖೋಡದಲ್ಲಿ ಅವನು ಇದನ್ನು ಮೊದಲ ಸಲ ಹಾಡಿದ. ಬೆಳಗಿನ ಬಿಸಿಲು ಏರುತ್ತಿತ್ತು. ಗಂಡಸರು ಟೊಪ್ಪಿಗೆ ಹಾರಿಸಿದರು. "ಹೊಡದಾ ನೋಡ! ಇನ್ನ ಬಾಯಿ ತಗಿಲಿ ನೋಡೂಣು" ಎಂದು ನನ್ನ ಕಡೆ ಕೈ ಮಾಡಿದರು. ಹೆಂಗಸರ ಕಡೆ ಸದ್ದೇ ಇರಲಿಲ್ಲ. ನಾನು ಗದ್ದಲ ತಣ್ಣಗಾಗುವವರೆಗೆ ಕಾದು ದಪ್ಪು ಬಾರಿಸಿದೆ.

ಹುಲಿನ ತಂದ ಒಲಿ ಮುಂದ ಕಟ್ಟಿದಾಂವ ಯಾರ
ಹಗ್ಗದ ತುದಿ ಯಾರ ಕೈಯಾಗೈತಿ ಹೇಳ
ಹೆತ್ತ ಎದಿಯ ಹಾಲ ಕುಡದ ಬೆಳಸಿದಿ ಮೀಸಿ
ಆ ಹಾಲ ಯಾವ ಬೆಕ್ಕಿಂದು, ತಿರುಗಿ ಹೇಳ

ಕೊನೆಯ ಸಾಲಿಗೆ ಬಂದಾಗ ಅವನ ಕೈ ತಾನೇ ಮೀಸೆಯ ಮೇಲಿಂದ ಕೆಳಗಿಳಿಯಿತು. ಅವನು ದಪ್ಪು ನೆಲಕ್ಕಿಟ್ಟು ಕೈಮುಗಿದ. ಹೆಂಗಸರು ಎದ್ದು ನಿಂತರು. ಒಬ್ಬ ಅಜ್ಜಿ ಕಟ್ಟೆ ಹತ್ತಿ ಬಂದು ನನ್ನ ಗಲ್ಲ ಹಿಡಿದು ಅತ್ತಳು. ಟೊಪ್ಪಿಗೆ ಹಾರಿಸಿದ ಗಂಡಸರು ಕೂಡ ನೆಲ ನೋಡುತ್ತ ನಗುತ್ತಿದ್ದರು. ನನ್ನ ಹಾಡಿಕೆಯ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಸುಖ ನಾನು ಕಂಡಿಲ್ಲ. ಸವಾಲು ಅಷ್ಟು ಗಟ್ಟಿಯಾಗಿದ್ದದ್ದಕ್ಕೇ ಜವಾಬು ಅಷ್ಟು ಎತ್ತರಕ್ಕೆ ಹೋಯಿತು. ಈಗ ಯಾರಾದರೂ ಬಂದು, ಅಂಥ ಸವಾಲು ಕಟ್ಟಿದ್ದು ನಿಂದೇ ತಪ್ಪು ಎಂದರೆ ನಾನು ಒಪ್ಪುವುದಿಲ್ಲ. ಅಂದವರೂ ಇದ್ದಾರೆ, ಅವರಿಗೂ ಬೈದು ಕಳಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ರಾಯಬಾಗದ ಒಬ್ಬ ಸ್ಟುಡಿಯೋದವನು ನಮ್ಮನ್ನು ಕರೆಸಿದ. ಯೂಟ್ಯೂಬಿಗೆ ಹಾಕುತ್ತೇನೆ, ಲೋಕವೆಲ್ಲ ನೋಡುತ್ತದೆ ಎಂದ. ಸ್ಟುಡಿಯೋ ಎಂದರೆ ಗೋಡೆಗೆ ಹಳೆಯ ಗಾದಿ ಬಡಿದ ಒಂದು ಕೋಣೆ. ಮೊದಲು ಹರದೇಶಿಯವನು ಬೆಕ್ಕಿನ ಪದ ಹಾಡಿದ. ಸ್ಟುಡಿಯೋದವನು ಕಿವಿಯ ಮೇಲಿನದನ್ನು ತೆಗೆದು "ಝಕಾಸ್" ಎಂದ. ನಾನು ದಪ್ಪು ಹಿಡಿದು ಎದ್ದೆ. ಅವನು ಕೂತುಕೋ ಎಂದು ಕೈ ಮಾಡಿದ.

"ಜವಾಬು ಬ್ಯಾಡ್ರಿ ಅಕ್ಕಾರ."

"ಯಾಕ? ಜವಾಬಿಲ್ಲದ ಸವಾಲ ಯಾವ ಊರಾಗ ಹಾಡ್ಯಾರ?"

"ಎರಡೂ ಹಾಕಿದ್ರ ಜಗಳಾ ಮುಗದ ಹೋಗತೈತ್ರಿ. ಮುಗದ ಜಗಳಾ ಯಾರ ನೋಡತಾರ? ಒಂದ ಹಾಕಿದ್ರ ಮಂದಿ ಕೆಳಗ ಬೈದಾಡಕೋತ ಕುಂಡ್ರತಾರ. ಅದ ಬೇಕ್ರಿ ನಮಗ."

ನಾನು ಹರದೇಶಿಯವನ ಮುಖ ನೋಡಿದೆ. ಅವನು ತುಂತುಣಿಯ ತಂತಿ ಬಿಗಿ ಮಾಡುತ್ತ ಕೂತಿದ್ದ. ತಂತಿ ಆಗಲೇ ಬಿಗಿಯಾಗಿತ್ತು. ಮರಳುವ ದಾರಿಯಲ್ಲಿ ನಾನು ಅವನಿಗೆ ಬಾಯಿಗೆ ಬಂದಂತೆ ಅಂದೆ. ಅವನು, "ಮುಂದಿನ ಸಲ ನಿಂದೂ ಹಾಕಸೋಣ ಅಕ್ಕಾ. ಎಲ್ಲಿ ಹೋಗತೈತಿ ಅದು?" ಎಂದ.

ಎಲ್ಲಿಯೂ ಹೋಗಲಿಲ್ಲ. ಅವನ ಪದ ಮಾತ್ರ ಮನೆಮನೆಗೆ ಹೋಯಿತು. ಯಾರೋ ಅದಕ್ಕೆ ಡಿಜೆ ಸೇರಿಸಿದರು, ಬೆಕ್ಕಿನ ಮುಖದ ಮೇಲೆ ಕುಂಕುಮ ಹಚ್ಚಿದ ಚಿತ್ರ ಮಾಡಿದರು. ಹಾಡಿಕೆಗೆ ಕರೆಯುವವರು ಅವನೊಬ್ಬನನ್ನೇ ಕರೆಯತೊಡಗಿದರು. ಆ ಒಂದು ಪದ ಹಾಡಿದರೆ ಸಾಕು, ಇನ್ನೊಮ್ಮೆ ಇನ್ನೊಮ್ಮೆ ಎನ್ನುತ್ತಾರಂತೆ. ಶುರುವಿನಲ್ಲಿ ನಾನೂ ಹೋಗಿದ್ದೆ. ನಾನು ಜವಾಬಿಗೆ ಎದ್ದರೆ ಜನ ತಮ್ಮ ಫೋನು ನೋಡುತ್ತ ಕೂರುತ್ತಿದ್ದರು. ಆಮೇಲೆ ಕರೆಯುವುದೇ ನಿಂತಿತು. ನನ್ನ ಹಿಮ್ಮೇಳದವಳೊಬ್ಬಳು ಅಥಣಿಯ ಕಡೆ ದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋದಳು. ಇನ್ನೊಬ್ಬಳು ಮಗನ ಮನೆ ಸೇರಿದಳು. ನಾನು ವಖಾರಿಗೆ ಮರಳಿದೆ. ಅವನಿಗೆ ಅಲ್ಲಲ್ಲಿ ಸತ್ಕಾರ, ಶಾಲು, ಪೇಟ. ಪದ ಹೇಗೆ ಹುಟ್ಟಿತು ಎಂದು ಯಾರೋ ಮೈಕು ಹಿಡಿದು ಕೇಳಿದಾಗ, "ಎಲ್ಲಾ ಗುರುವಿನ ಕೃಪಾ" ಎಂದನಂತೆ. ಗುರುವಿನ ಕೃಪೆ ವಖಾರಿಯಲ್ಲಿ ತಂಬಾಕಿನ ಧೂಳು ಕುಡಿಯುತ್ತಿತ್ತು. ಹೇಳಬಾರದೆಂದು ಮಾತಾಗಿತ್ತು, ಅವನು ಮುರಿಯದಿದ್ದರೂ ಮುರಿದ ಹಾಗೆಯೇ ಇತ್ತು, ಆದರೂ ನಾನು ಹೇಳಲಿಲ್ಲ.

ಅಷ್ಟರಲ್ಲಿ ಮಗಳ ಮದುವೆಯಾಗಿತ್ತು. ಮಂಗಸೂಳಿಯ ಹತ್ತಿರದ ತೋಟದ ಮನೆ, ಕಬ್ಬು, ದ್ರಾಕ್ಷಿ, ಹಟ್ಟಿ ತುಂಬ ಎಮ್ಮೆ. ನೋಡಲು ಬಂದಾಗಲೇ ಬೀಗತಿ ಕೇಳಿದ್ದಳು, "ಹಾಡೂದು ಬಿಟ್ಟೀರಲ್ಲರಿ?" ಎಂದು. ಕುಡಿತ ಬಿಟ್ಟಿದ್ದೀರಲ್ಲ ಎಂದು ಗಂಡಸರನ್ನು ಕೇಳುವ ದನಿಯಲ್ಲಿ. ಬಿಟ್ಟಿದ್ದೇನೆ ಎಂದೆ. ನಡುವೆ ನಿಂತವರು "ಭಜನಿ ಪದಾ ಹಾಡತಿದ್ರರೀ" ಎಂದು ಮುಚ್ಚಿಹಾಕಿದರು.

ಅಳಿಯ ಕೆಟ್ಟವನಲ್ಲ. ಔಷಧ ಹೊಡೆಯುವ ಯಂತ್ರ ಬೆನ್ನಿಗೆ ಹಾಕಿಕೊಂಡು ದ್ರಾಕ್ಷಿಯ ಪಡದಲ್ಲಿ ಇರುತ್ತಾನೆ, ಮನೆಯಲ್ಲಿ ಎಲ್ಲರೂ ನಕ್ಕರೆ ತಾನೂ ನಗುತ್ತಾನೆ. ಮಗಳು ಬಸುರಿಯಾದಾಗ ರಕ್ತ ಕಡಿಮೆಯಿದೆ, ದಿನಾ ಹಾಲು ಕುಡಿಯಬೇಕು ಎಂದರು ಡಾಕ್ಟರು. ಆ ಮನೆಯಲ್ಲಿ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಗಂಡಸರ ಚಹಾಕ್ಕೆ. ಮಗಳು ಯಾರನ್ನೂ ಕೇಳಲಿಲ್ಲ, ಒಂದು ಲೋಟ ಹಾಲು ತೆಗೆದುಕೊಂಡು ಕುಡಿದಳು. ಒಲೆಯ ಮುಂದೆಯೇ. ಅವಳ ಮೈದುನ ಅದನ್ನು ನೋಡಿ ಫೋನಿನಲ್ಲಿ ಬೆಕ್ಕಿನ ಪದ ಹಚ್ಚಿದ. ಅಲ್ಲಿಂದ ಅವಳು ಆ ಮನೆಯಲ್ಲಿ ಬೆಕ್ಕಾದಳು. ಊಟಕ್ಕೆ ಕೂತರೆ ಬೆಕ್ಕು, ತವರಿಗೆ ಹೋಗುತ್ತೇನೆ ಎಂದರೆ ಬಾಗಿಲು ತೆರೆದರೆ ಓಡುವ ಬೆಕ್ಕು, ಎದುರು ಮಾತಾಡಿದರೆ ಪರಚುವ ಬೆಕ್ಕು. ಎಲ್ಲದಕ್ಕೂ ಸಾಲು ಸಿದ್ಧವಿತ್ತಲ್ಲ. ಅವಳು ಹಾಲು ಕುಡಿಯುವುದನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಫೋನು ಮಾಡಿದಳು. "ಯವ್ವಾ, ಅದಕ್ಕೊಂದ ಜವಾಬು ಇತ್ತಲಾ? ಸಣ್ಣಾಕಿದ್ದಾಗ ಕೇಳೇನಿ ನಾ. ಕುಬಸಕ್ಕ ಬಂದಾಗ ನೀ ಅದನ್ನ ಇಲ್ಲಿ ಹಾಡಬೇಕ ನೋಡ. ಎಲ್ಲಾರ ಮುಂದ." ಹಾಡುವುದು ಬಿಟ್ಟಿದ್ದೇನೆಂದು ಮಾತು ಕೊಟ್ಟಿದ್ದೇನಲ್ಲ ಎಂದೆ. "ಹಾಲಿಲ್ಲದ ಮಗು ಹ್ಯಾಂಗ ಬೆಳೀತೈತಿ ಯವ್ವಾ?" ಎಂದಳು.

ಕುಬಸದ ದಿನ, ಅಂದರೆ ಬಸುರಿಗೆ ಉಡಿ ತುಂಬುವ ದಿನ, ಹಸಿರು ಸೀರೆ, ಬಳೆ, ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ, ಮೊಸರು ಬುತ್ತಿ ಎಲ್ಲ ಹೊತ್ತು ಹೋದೆ. ಪಡಸಾಲೆ ತುಂಬ ಹೆಂಗಸರು. ಮಗಳನ್ನು ಮಣೆಯ ಮೇಲೆ ಕೂರಿಸಿದ್ದರು. ಹಸಿರು ಸೀರೆಯಲ್ಲಿ ಅವಳ ಮುಖ ಇನ್ನೂ ಬಿಳಿಚಿಕೊಂಡಂತೆ ಕಾಣುತ್ತಿತ್ತು. ಉಡಿ ತುಂಬಿದ್ದಾಯಿತು. ಅಂಗಳದಲ್ಲಿ ಮೈದುನ ಸ್ಪೀಕರು ತಂದಿಟ್ಟಿದ್ದ. ನಿರೀಕ್ಷೆಯಂತೆ ಬೆಕ್ಕಿನ ಪದವೇ ಶುರುವಾಯಿತು. ನೆಂಟರ ಗಂಡಸರು ನಕ್ಕರು, ಹೆಂಗಸರೂ ಸೆರಗು ಬಾಯಿಗಿಟ್ಟು ನಕ್ಕರು. ಪದ ಮುಗಿಯುವವರೆಗೆ ಕಾದೆ. ಸವಾಲನ್ನು ನಡುವೆ ತಡೆಯಬಾರದು. ಆಮೇಲೆ ದಪ್ಪಿಲ್ಲದೆ, ಹಿಮ್ಮೇಳವಿಲ್ಲದೆ, ಅಡುಗೆಮನೆಯ ಒಂದು ಪರಾತ ತಂದು ಅದರ ಮೇಲೆ ತಾಳ ಹಾಕುತ್ತ ಜವಾಬು ಎತ್ತಿದೆ.

ವರ್ಷಗಳಿಂದ ಹಾಡದ ಗಂಟಲು. ಮೊದಲ ಸಾಲು ಒಡೆಯಿತು. ಎರಡನೆಯದಕ್ಕೆ ದನಿ ಸಿಕ್ಕಿತು. ಹಗ್ಗದ ತುದಿ ಯಾರ ಕೈಯಾಗೈತಿ ಎಂದಾಗ ನಗು ನಿಂತಿತು. ಮೀಸೆಯ ಸಾಲಿಗೆ ಬರುವ ಹೊತ್ತಿಗೆ ಒಬ್ಬ ಮುದುಕಿ "ಹೌದ ಹೌದ" ಎಂದು ತಲೆ ಆಡಿಸುತ್ತಿದ್ದಳು. ಕೊನೆಯ ಸಾಲು ಮುಗಿದಾಗ ಬೀಗತಿ ಎದ್ದು ಒಳಗೆ ಹೋದಳು. ಸಿಟ್ಟಾದಳು ಅಂದುಕೊಂಡೆ. ಅವಳು ಒಂದು ಲೋಟ ಹಾಲು ತಂದು ನನ್ನ ಮಗಳ ಕೈಗೆ ಕೊಟ್ಟಳು. ಮಗಳು ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೂ ಮರೆಯುವುದಿಲ್ಲ. ನನಗೆ ಅಳು ಬಂತು. ಇಷ್ಟು ವರ್ಷ ಊರೂರು ತಿರುಗಿದ್ದು ಈ ಒಂದು ಲೋಟಕ್ಕಾಗಿಯೇ ಅನ್ನಿಸಿತು.

ಅಲ್ಲಿಗೆ ಸುಮ್ಮನಿರಬೇಕಿತ್ತು. "ಯಾರ ಕಟ್ಟಿದ್ದರಿ ಅಕ್ಕಾರ ಇದು?" ಎಂದು ಬೀಗತಿ ಕೇಳಿದಳು. ನಾನೇ ಎಂದೆ. ಅವಳ ಮುಖದಲ್ಲಿ ಒಂದು ಮರ್ಯಾದೆ ಕಂಡಿತು. ಆಗ ಆ ಮೈದುನ, ಸ್ಪೀಕರಿನ ಪಕ್ಕ ಕುಕ್ಕರಗಾಲಲ್ಲಿ ಕೂತವನು, ಹೇಳಿದ: "ಜವಾಬು ಏನ, ಯಾರರೆ ಕಟ್ಟತಾರ. ಆ ಸವಾಲ ಕಟ್ಟಿದಾಂವ ಖರೇ ಶಾಣ್ಯಾ. ಅಂಥಾ ಪದಾ ಹೆಣ್ಣಮಕ್ಕಳ ತಲ್ಯಾಗ ಹೊಳಿಯೂದಿಲ್ಲ."

ಸ್ಟುಡಿಯೋದಲ್ಲಿ ನುಂಗಿದ್ದು, ಶಾಲು ಪೇಟ ನೋಡಿ ನುಂಗಿದ್ದು, ಬಸ್ಸಿನಲ್ಲಿ ನುಂಗಿದ್ದು ಎಲ್ಲ ಒಟ್ಟಿಗೇ ಗಂಟಲಿಗೆ ಬಂತು. "ಅದನ್ನೂ ನಾನ ಕಟ್ಟೇನಿ!" ಎಂದು ಕೂಗಿದೆ. "ಸವಾಲೂ ನಂದ, ಜವಾಬೂ ನಂದ. ಒಂದೊಂದ ಅಕ್ಷರಾ ನಂದು. ಅಂವಗ ಬರೇ ದನಿ ಐತಿ."

ಯಾರೂ ನಂಬಲಿಲ್ಲ. ಸವಾಲಿನ ಮುಂದಿನ ನುಡಿಗಳನ್ನು, ಯಾವ ಫೋನಿನಲ್ಲೂ ಇಲ್ಲದ ನುಡಿಗಳನ್ನು, ಹಾಡಿ ತೋರಿಸಿದೆ. ಆಮೇಲೆ ನಂಬಿದರು. ಮೈದುನ ತೊಡೆ ತಟ್ಟಿ ನಕ್ಕ. ಗಂಡಸರು ಭೇಷ್ ಭೇಷ್ ಎಂದರು. ಜನ್ಮದಲ್ಲಿ ಮೊದಲ ಸಲ ಆ ಪದಕ್ಕೆ ನನಗೆ ಚಪ್ಪಾಳೆ ಬಿತ್ತು, ನಾನು ತಲೆ ಎತ್ತಿ ನಿಂತಿದ್ದೆ. ಬೀಗತಿ ಮಾತ್ರ ನಗಲಿಲ್ಲ. ಅವಳು ನಿಧಾನಕ್ಕೆ, ಲೆಕ್ಕ ಬಿಡಿಸಿದವಳ ಹಾಗೆ ಹೇಳಿದಳು: "ಹಂಗಂದ್ರ ಬೆಕ್ಕ ಅಂತ ಮೊದಲ ಅಂದಾಕಿ ನೀವ ಅನ್ರಿ."

ಹರದೇಶಿ, ನಾಗೇಶಿ, ಸವಾಲು ಗಟ್ಟಿಯಿದ್ದರೇ ಜವಾಬು, ಎಂದು ನಾನು ಏನೇನೋ ಹೇಳಲು ಹೋದೆ. ಅಷ್ಟರಲ್ಲಿ ಎಲೆ ಹಾಕಲು ಎದ್ದರು. ಮಗಳ ಕೈಯಲ್ಲಿ ಲೋಟ ಇನ್ನೂ ಅರ್ಧ ತುಂಬಿತ್ತು. ಅವಳು ಅದನ್ನು ಕೆಳಗಿಟ್ಟಳು.

ಈಗ ಆ ಮನೆಯಲ್ಲಿ ಅವಳು ಏನು ಕೇಳಿದರೂ ಒಂದೇ ಮಾತಂತೆ: "ನಾವೇನ ಅಂದಿಲ್ಲವಾ, ಹಡದವ್ವನ ಅಂದಾಳ." ಮೊದಲು ಅದು ಯಾರೋ ಊರಿನವನು ಹಾಡಿದ ಪದವಾಗಿತ್ತು, ಸಿಟ್ಟಾಗಬಹುದಿತ್ತು. ಈಗ ಸಿಟ್ಟಾಗಲೂ ಅವಳಿಗೆ ದಾರಿಯಿಲ್ಲ. ಜವಾಬು ಹಾಡಿದ್ದು ಅವರಲ್ಲಿ ಯಾರಿಗೂ ನೆನಪಿಲ್ಲ. ಹೆಣ್ಣು ಕೂಸು ಹುಟ್ಟಿದೆ, ತೂಕ ಕಡಿಮೆ.

ಹೋದ ವಾರ ಫೋನು ಮಾಡಿದ್ದಳು. ಕೂಸಿನ ಮಾತಾಯಿತು. ಆಮೇಲೆ ಕೇಳಿದಳು. "ಯವ್ವಾ, ಎರಡೂ ನಂದ ಅಂತ ಯಾಕ ಅಂದಿ? ಒಂದ ನಂದು ಅಂದಿದ್ರ ಸಾಕಿತ್ತಲ್ಲ."

ಎರಡೂ ನನ್ನವೇ ಅಲ್ಲವೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆಯಿಂದ ಬೀಗತಿಯ ದನಿ ಕೇಳಿಸಿತು. ಹೆಸರು ಹಿಡಿದು ಕರೆಯಲಿಲ್ಲ, "ಏ ಬೆಕ್ಕ" ಎಂದು ಕರೆದಳು. ಸಿಟ್ಟಿನಿಂದಲ್ಲ, ದಿನಾ ಕರೆಯುವ ಹಾಗೆ.

"ಬಂದೆರಿ" ಎಂದಳು ನನ್ನ ಮಗಳು.